‘ಆಗಲ್ಲ’ ಅನ್ನುವುದನ್ನು ಬರೆದು ಕೊಡಿ: ಮಂಡ್ಯ ಜಿಲ್ಲಾಡಳಿತಕ್ಕೊಂದು ಬಹಿರಂಗ ಪತ್ರ

ಮಾನ್ಯ ಜಿಲ್ಲಾಧಿಕಾರಿಗಳಿಗೆ, ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರದ ಸದಸ್ಯ ಕಾರ್ಯದರ್ಶಿಗಳಿಗೆ, ಮತ್ತು ಅಂಗವಿಕಲ ವೇತನದ ಅರ್ಜಿ ಹಿಡಿದು ಹೋಗಿ ಬರಿಗೈಲಿ ವಾಪಸ್ ಬಂದಿರುವ ನಮ್ಮ ಜಿಲ್ಲೆಯ ಎಲ್ಲರಿಗೆ,

ನಮಸ್ಕಾರ.

ನಾನು ಈ ಜಿಲ್ಲೆಯ ಹಳ್ಳಿಯೊಂದರ ಹೆಣ್ಣುಮಗಳು. ಒಂಬತ್ತು ವರ್ಷದಿಂದ ಝೆರಾಕ್ಸ್ ಅಂಗಡಿಯೊಂದರಲ್ಲಿ ಕೆಲಸ ಮಾಡುತ್ತಿದ್ದೇನೆ. ಬೆಳಗ್ಗೆಯಿಂದ ಸಂಜೆವರೆಗೆ ಜನರ ಕಾಗದಗಳು ನನ್ನ ಕೈಯಲ್ಲೇ ಇರುತ್ತವೆ. ಆಧಾರ್, ರೇಷನ್ ಕಾರ್ಡ್, ಪಹಣಿ, ಆದಾಯ ಪ್ರಮಾಣಪತ್ರ, ಆಸ್ಪತ್ರೆಯ ಚೀಟಿ. ಹಾಗಿದ್ದೂ ನಮ್ಮಪ್ಪನ ಅಂಗವಿಕಲ ವೇತನದ ಅರ್ಜಿಗೆ ‘ಆಗಲ್ಲ’ ಅಂದಾಗ ಮುಂದೆ ಏನು ಮಾಡಬೇಕು ಅಂತ ನನಗೆ ಗೊತ್ತಿರಲಿಲ್ಲ. ಗೊತ್ತಾಗಲು ಎಂಟು ತಿಂಗಳು ಹಿಡಿಯಿತು. ಮೇಲ್ಮನವಿ ಅನ್ನುವುದೊಂದಿದೆ, ಅದಕ್ಕೆ ವಕೀಲರು ಬಿಟ್ಟಿ ಸಿಗುತ್ತಾರೆ ಅನ್ನುವ ಎರಡು ಮಾತನ್ನು ಆ ಕೌಂಟರಿನಲ್ಲಿ ಒಬ್ಬರು ಹೇಳಿದ್ದರೆ ಸಾಕಿತ್ತು. ಈ ಪತ್ರ ಬರೆಯುತ್ತಿರುವುದು ಅದಕ್ಕೇ.

ಅಪ್ಪನಿಗೆ ಈಗ ಐವತ್ತೆರಡು. ಕಬ್ಬಿನ ಕೆಲಸ ಬಿಟ್ಟು ಬೇರೆ ಕೆಲಸ ಮಾಡಿದವರಲ್ಲ. ನಾನು ಶಾಲೆಗೆ ಹೋಗುತ್ತಿದ್ದಾಗ ಒಂದು ದಿನ ಸೋಗೆ ಬಿಡಿಸುವಾಗ ಎಡಗಣ್ಣಿಗೆ ಗರಿ ಹೊಡೆಯಿತು. ಕಬ್ಬಿನ ಗರಿಯ ಅಂಚು ಗರಗಸ ಇದ್ದ ಹಾಗೆ, ನಮ್ಮ ಕಡೆಯವರಿಗೆ ಗೊತ್ತು. ಎರಡು ದಿನ ಹಳ್ಳಿ ಔಷಧ ಹಾಕಿದರು. ಮೂರನೇ ದಿನ ಆಸ್ಪತ್ರೆಗೆ ಹೋಗುವಷ್ಟರಲ್ಲಿ ಕಣ್ಣಲ್ಲಿ ಹುಣ್ಣಾಗಿ ಕೀವು ತುಂಬಿತ್ತು. ಆ ಕಣ್ಣು ಹೋಯಿತು.

ಬಲಗೈ ಹೋಗಿದ್ದು ನಾಲ್ಕು ವರ್ಷದ ಹಿಂದೆ, ಆಲೆಮನೆಯಲ್ಲಿ. ರಾತ್ರಿ ಪಾಳಿ. ಗಾಣಕ್ಕೆ ಕಬ್ಬು ಕೊಡುತ್ತಿದ್ದರು. ಎಡಗಣ್ಣು ಕಾಣದವರಿಗೆ ಆ ಕಡೆಯಿಂದ ಏನು ಬರುತ್ತಿದೆ ಅಂತ ತಿಳಿಯುವುದಿಲ್ಲ. ಸೊಟ್ಟ ಕಬ್ಬೊಂದು ತಿರುಗಿ ಬಂದು ಕೈಯನ್ನು ಒಳಗೆ ಎಳೆದುಕೊಂಡಿತು. ತೋರುಬೆರಳು, ನಡುಬೆರಳು ಬುಡದಿಂದಲೇ ಹೋದವು. ಉಂಗುರದ ಬೆರಳು ಉಳಿದಿದೆ, ಆದರೆ ಮಡಚುವುದಿಲ್ಲ, ಕಡ್ಡಿಯ ಹಾಗೆ ನೆಟ್ಟಗೆ ನಿಂತಿರುತ್ತದೆ.

ಆ ಕೈಯಲ್ಲಿ ಏನು ಆಗುವುದಿಲ್ಲ ಅಂತ ಕಾಗದದಲ್ಲಿ ಬರೆಯುವ ಜಾಗ ಇಲ್ಲ, ಇಲ್ಲೇ ಬರೆಯುತ್ತೇನೆ. ಮುದ್ದೆ ಮುರಿಯಲು ಆಗುವುದಿಲ್ಲ. ಬಿಸಿ ಮುದ್ದೆಯನ್ನು ಹೆಬ್ಬೆರಳು ಮತ್ತು ಎರಡು ಬೆರಳಲ್ಲಿ ಕಿತ್ತು, ಉಂಡೆ ಮಾಡಿ, ಸಾರಿಗೆ ಅದ್ದಬೇಕು ಅಲ್ವಾ? ಆ ಎರಡು ಬೆರಳೇ ಇಲ್ಲ. ಮೊದಮೊದಲು ಅಮ್ಮ ಮುರಿದು ಇಡುತ್ತಿದ್ದಳು. ಅಪ್ಪ ಗೋಡೆ ಕಡೆ ತಿರುಗಿ ಉಣ್ಣುತ್ತಿದ್ದರು. ಈಗ ಎಡಗೈಯಲ್ಲಿ ಉಣ್ಣುತ್ತಾರೆ, ಮದುವೆ ಮನೆಗೆ ಮಾತ್ರ ಊಟಕ್ಕೆ ಬರುವುದಿಲ್ಲ. ಕುಡುಗೋಲು ನಿಲ್ಲುವುದಿಲ್ಲ. ಅಂಗಿ ಗುಂಡಿ ಹಾಕಲು ಆಗುವುದಿಲ್ಲ. ಕೂಲಿಗೆ ಯಾರೂ ಕರೆಯುವುದಿಲ್ಲ.

ಸರ್ಟಿಫಿಕೇಟ್ ಮಾಡಿಸಲು ಹೋದೆವು. ಯಾವ ಆಸ್ಪತ್ರೆ, ಯಾವ ಕಚೇರಿ ಅಂತ ಇಲ್ಲಿ ಹೆಸರು ಹೇಳುವುದಿಲ್ಲ. ಒಬ್ಬರನ್ನು ಬೈಯುವುದು ನನ್ನ ಉದ್ದೇಶ ಅಲ್ಲ, ಮತ್ತೆ ಇದು ಒಂದೇ ಜಾಗದ ಕಥೆಯೂ ಅಲ್ಲ. ಕಣ್ಣಿನ ಡಾಕ್ಟರು ಒಂದು ದಿನ ನೋಡಿದರು. ಒಂದು ಕಣ್ಣು ಪೂರ್ತಿ ಹೋಗಿ ಇನ್ನೊಂದು ಚೆನ್ನಾಗಿದ್ದರೆ ಮಾರ್ಗಸೂಚಿ ಪ್ರಕಾರ 30 ಪರ್ಸೆಂಟ್. ಅಷ್ಟೇ ಬರೆದರು. ಮೂಳೆ ಡಾಕ್ಟರು ಬೇರೆ ದಿನ ನೋಡಿದರು. ಕೈಗೆ 24 ಪರ್ಸೆಂಟ್ ಬರೆದರು. ಎರಡು ಬೇರೆ ಬೇರೆ ಸರ್ಟಿಫಿಕೇಟ್. ವೇತನಕ್ಕೆ ಕಮ್ಮಿ ಅಂದರೂ 40 ಪರ್ಸೆಂಟ್ ಇರಬೇಕು. ಡಾಕ್ಟರುಗಳ ಮೇಲೆ ನನಗೆ ಸಿಟ್ಟಿಲ್ಲ. ಅವರವರು ನೋಡಿದ್ದನ್ನು ಅವರವರು ಸರಿಯಾಗೇ ಬರೆದಿದ್ದರು. ಎರಡನ್ನೂ ಒಟ್ಟಿಗೆ ನೋಡಿದವರು ಯಾರೂ ಇರಲಿಲ್ಲ, ಅಷ್ಟೇ.

ಕೌಂಟರಿನಲ್ಲಿ ಕೂತಿದ್ದವರು ಎರಡೂ ಕಾಗದ ನೋಡಿದರು. “ಇದು ಮೂವತ್ತು, ಇದು ಇಪ್ಪತ್ನಾಲ್ಕು. ಎರಡೂ ನಲವತ್ತಕ್ಕಿಂತ ಕಮ್ಮಿ. ಆಗಲ್ಲಮ್ಮ” ಅಂದರು. ಎರಡೂ ಸೇರಿಸಿದರೆ ಅಂತ ನಾನು ಕೇಳಿದೆ. “ಹಂಗೆಲ್ಲ ಸೇರಿಸಕ್ಕೆ ಬರಲ್ಲ” ಅಂದರು. ಅರ್ಜಿ ವಾಪಸ್ ಕೊಟ್ಟರು. ಸೀಲಿಲ್ಲ, ಸಹಿ ಇಲ್ಲ, ತಾರೀಖಿಲ್ಲ. ನಮ್ಮ ಹಿಂದೆ ಇನ್ನೂ ಹದಿನೈದು ಜನ ನಿಂತಿದ್ದರು. ಅಪ್ಪ ನನ್ನ ತೋಳು ಮುಟ್ಟಿ “ನಡಿಯವ್ವ, ನಮ್ಗೆಲ್ಲ ಎಲ್ಲಿ ಸಿಕ್ತದೆ” ಅಂದರು. ಬಸ್ಸಿನಲ್ಲಿ ಇಬ್ಬರೂ ಮಾತಾಡಲಿಲ್ಲ.

ಎಂಟು ತಿಂಗಳು ಸುಮ್ನೆ ಇದ್ದೆವು. ಪೂರ್ತಿ ಸುಮ್ನೆ ಅನ್ನುವಂತೆಯೂ ಇಲ್ಲ. ಒಬ್ಬ ಏಜೆಂಟ್ ಮನೆಗೇ ಬಂದಿದ್ದ. ಎಂಟು ಸಾವಿರ ಕೊಟ್ಟರೆ 45 ಪರ್ಸೆಂಟ್ ಮಾಡಿಸಿಕೊಡುತ್ತೇನೆ ಅಂದ. ತಿಂಗಳಿಗೆ ಬರುವ ವೇತನ 800 ರೂಪಾಯಿ. ಅವನಿಗೆ ಕೊಡುವುದು ಹತ್ತು ತಿಂಗಳ ದುಡ್ಡು. ಅಮ್ಮ ಕಿವಿಯೋಲೆ ಅಡವಿಡೋಣ ಅಂದಳು. ಅಷ್ಟರಲ್ಲಿ ನಮ್ಮ ಪಂಚಾಯ್ತಿಯ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು, ಎಲ್ಲರೂ ವಿ.ಆರ್.ಡಬ್ಲ್ಯೂ ಅಂತಾರಲ್ಲ ಅವರು, ಬೇರೆ ಯಾರದೋ ಕಾರ್ಡಿನ ವಿಚಾರಕ್ಕೆ ನಮ್ಮ ಬೀದಿಗೆ ಬಂದಿದ್ದರು. ಅವರಿಗೂ ಕಾಲು ಸರಿಯಿಲ್ಲ, ಮೂರು ಚಕ್ರದ ಸ್ಕೂಟರಿನಲ್ಲಿ ಓಡಾಡುತ್ತಾರೆ. ವಿಷಯ ಕೇಳಿ, “ದುಡ್ಡು ಗಿಡ್ಡು ಕೊಡಬೇಡಿ. ಕೋರ್ಟ್ ಆವರಣದಲ್ಲಿ ಕಾನೂನು ಸೇವಾ ಸಮಿತಿ ಅಂತ ಇದೆ. ಅಲ್ಲಿ ಹೋಗಿ ಕೇಳಿ” ಅಂದರು.

ಕೋರ್ಟು ಅಂದ ತಕ್ಷಣ ಅಪ್ಪ ಹಿಂದೆ ಸರಿದರು. ಸರ್ಕಾರದ ಮೇಲೆ ಕೇಸ್ ಹಾಕಿದರೆ ಇರೋ ರೇಷನ್ ಕಾರ್ಡೂ ಹೋಗುತ್ತದೆ ಅನ್ನುವ ಭಯ. ಈ ಭಯ ನಮ್ಮಪ್ಪನಿಗೆ ಮಾತ್ರ ಇರುವುದಲ್ಲ, ಸ್ವಾಮಿ. ಅಂಗಡಿಗೆ ಬರುವ ಎಷ್ಟೋ ಜನರ ಬಾಯಲ್ಲಿ ಇದೇ ಮಾತು ಕೇಳಿದ್ದೇನೆ. ಮೇಲ್ಮನವಿ ಅಂದರೆ ಜಗಳ ಅಂದುಕೊಂಡಿದ್ದಾರೆ. ಕಾನೂನೇ ಕೊಟ್ಟಿರುವ ಎರಡನೇ ಅರ್ಜಿ ಅದು ಅಂತ ಅವರಿಗೆ ಯಾರೂ ಹೇಳಿಲ್ಲ.

ಕೊನೆಗೂ ಆ ಸಮಿತಿಗೆ ಹೋದೆವು. ಅಲ್ಲಿ ಒಂದು ಸಣ್ಣ ಕೋಣೆ. ಪ್ಯಾನೆಲ್ ವಕೀಲರು, ಅಂದರೆ ಸಮಿತಿಯ ಪಟ್ಟಿಯಲ್ಲಿರುವ ವಕೀಲರೊಬ್ಬರು ಕೂತಿದ್ದರು, ಸುಮಾರು ನನ್ನದೇ ವಯಸ್ಸಿನ ಹೆಂಗಸು. ನಾನು ಕಥೆ ಶುರು ಮಾಡಿದೆ. ಅವರು ಅರ್ಧಕ್ಕೇ ತಡೆದು, “ಅದೆಲ್ಲ ಆಮೇಲೆ ಹೇಳಿ. ಹಿಂಬರಹ ಎಲ್ಲಿ?” ಅಂದರು.

ಹಿಂಬರಹ ಇರಲಿಲ್ಲ.

“ಬಾಯಿಮಾತಿನ ಮೇಲೆ ಮೇಲ್ಮನವಿ ಹಾಕೋಕಾಗಲ್ಲ. ಯಾವ ಕಾರಣಕ್ಕೆ ಇಲ್ಲ ಅಂದರು ಅಂತ ಕಾಗದ ಬೇಕು” ಅಂದರು. ಆಮೇಲೆ ಅಪ್ಪನ ಎರಡು ಸರ್ಟಿಫಿಕೇಟನ್ನೂ ಮೇಜಿನ ಮೇಲೆ ಅಕ್ಕಪಕ್ಕ ಇಟ್ಟರು. ಸಾಲು ಸಾಲಾಗಿ ಬೆರಳಿಟ್ಟು ಓದಿದರು. ನಾನು ಆ ಕಾಗದಗಳನ್ನು ಎಷ್ಟು ಸಲ ಝೆರಾಕ್ಸ್ ಮಾಡಿದ್ದೆನೋ. ಆದರೆ ಎರಡನ್ನೂ ಹೀಗೆ ಅಕ್ಕಪಕ್ಕ ಇಟ್ಟು ಓದಿದವರನ್ನು ಅವತ್ತೇ ನೋಡಿದ್ದು.

“ಇದರಲ್ಲಿ ತಪ್ಪು ಪರ್ಸೆಂಟೇಜಿನಲ್ಲಿಲ್ಲ. ಎರಡು ಸರ್ಟಿಫಿಕೇಟ್ ಇರುವುದೇ ತಪ್ಪು” ಅಂದರು.

ಅವರು ಹೇಳಿದ್ದನ್ನು ನನಗೆ ಅರ್ಥವಾದಷ್ಟು ಇಲ್ಲಿ ಬರೆಯುತ್ತೇನೆ. ನಮ್ಮ ಜಿಲ್ಲೆಯಲ್ಲಿ ಎಷ್ಟು ಜನರಿಗೆ ಇದು ಬೇಕಾಗಿದೆಯೋ ಗೊತ್ತಿಲ್ಲ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯಲ್ಲಿ 21 ಬಗೆಯ ಅಂಗವೈಕಲ್ಯಗಳನ್ನು ಹೆಸರಿಸಿದ್ದಾರೆ. 1995ರ ಹಳೇ ಕಾಯ್ದೆಯಲ್ಲಿ ಇದ್ದದ್ದು ಏಳೇ. ಒಬ್ಬರಿಗೇ ಒಂದಕ್ಕಿಂತ ಜಾಸ್ತಿ ಇದ್ದರೆ ಅದನ್ನು ಬಹುವಿಧ ಅಂಗವೈಕಲ್ಯ ಅನ್ನುತ್ತಾರೆ. 2017ರ ನಿಯಮಗಳಲ್ಲಿ ಅದಕ್ಕೇ ಬೇರೆ ಸರ್ಟಿಫಿಕೇಟ್ ಇದೆ, ನಮೂನೆ 6. ಎರಡನ್ನೂ ಸೇರಿಸಲು ಒಂದು ಲೆಕ್ಕವೂ ಇದೆ. ಸುಮ್ನೆ ಕೂಡುವ ಹಾಗಿಲ್ಲ. ಹಾಗೆ ಕೂಡಿದರೆ ಒಬ್ಬರಿಗೆ 60 ಮತ್ತು 60 ಇದ್ದರೆ 120 ಆಗಿಬಿಡುತ್ತದೆ ಅಲ್ವಾ? ಜಾಸ್ತಿ ಇರುವುದನ್ನು ಮೊದಲು ಹಾಗೇ ಇಟ್ಟುಕೊಳ್ಳಬೇಕು. ಅದನ್ನು 90ರಿಂದ ಕಳೆಯಬೇಕು. ಉಳಿದದ್ದನ್ನು ಕಮ್ಮಿ ಇರುವ ಪರ್ಸೆಂಟೇಜಿನಿಂದ ಗುಣಿಸಿ 90ರಿಂದ ಭಾಗಿಸಬೇಕು. ಬಂದದ್ದನ್ನು ಮೊದಲಿನದಕ್ಕೆ ಸೇರಿಸಬೇಕು.

ಹಳೇ ಲಗ್ನಪತ್ರಿಕೆಯೊಂದರ ಹಿಂದೆ ಲೆಕ್ಕ ಮಾಡಿ ತೋರಿಸಿದರು. ಕಣ್ಣಿನದು 30. 90ರಲ್ಲಿ 30 ಹೋದರೆ 60. 60ನ್ನು ಕೈಯ 24ರಿಂದ ಗುಣಿಸಿದರೆ 1440. 90ರಿಂದ ಭಾಗಿಸಿದರೆ 16. 30ಕ್ಕೆ 16 ಸೇರಿಸಿದರೆ 46.

ನಲವತ್ತಾರು. ಆ ಲಗ್ನಪತ್ರಿಕೆ ಈಗಲೂ ನಮ್ಮನೆಯಲ್ಲಿದೆ. ಅಪ್ಪ ಅದನ್ನು ರೇಷನ್ ಕಾರ್ಡಿನ ಜೊತೆ ಇಟ್ಟಿದ್ದಾರೆ.

ಕೌಂಟರಿನವರು “ಸೇರಿಸಕ್ಕೆ ಬರಲ್ಲ” ಅಂದದ್ದು ಒಂದು ರೀತಿ ನಿಜವೇ. ಅವರಿಗೆ ಸೇರಿಸುವ ಅಧಿಕಾರ ಇಲ್ಲ. ಅದು ವೈದ್ಯಕೀಯ ಪ್ರಾಧಿಕಾರದ ಕೆಲಸ. ಆದರೆ “ಇಲ್ಲಿ ಬರಲ್ಲ, ಅಲ್ಲಿ ಹೋಗಿ ಸೇರಿಸಿಸಿಕೊಂಡು ಬನ್ನಿ” ಅಂದಿದ್ದರೆ? ಎಂಟು ತಿಂಗಳು ಉಳಿಯುತ್ತಿತ್ತು.

ವಕೀಲರಿಂದ ಕಲಿತ ಇನ್ನೊಂದು ವಿಷಯವೂ ಇದೆ. ‘ಇಲ್ಲ’ ಅನ್ನುವುದು ಎರಡು ಕಡೆ ಹುಟ್ಟುತ್ತದೆ. ಒಂದು, ಆಸ್ಪತ್ರೆಯ ಬೋರ್ಡಿನಲ್ಲಿ, ಅಂದರೆ ಪರೀಕ್ಷೆ ಮಾಡಿ ಸರ್ಟಿಫಿಕೇಟ್ ಕೊಡುವ ಡಾಕ್ಟರುಗಳ ಹತ್ತಿರ: ಪರ್ಸೆಂಟೇಜ್ ಕಮ್ಮಿ ಬರುವುದು, ಅಥವಾ ಸರ್ಟಿಫಿಕೇಟೇ ಸಿಗದಿರುವುದು. ಇದಕ್ಕೆ ಕಾಯ್ದೆಯ 59ನೇ ಸೆಕ್ಷನ್ ಪ್ರಕಾರ ಸರ್ಕಾರ ಗೊತ್ತುಮಾಡಿದ ಮೇಲ್ಮನವಿ ಪ್ರಾಧಿಕಾರದ ಮುಂದೆ ಹೋಗಬೇಕು. ಸರ್ಟಿಫಿಕೇಟ್ ಕೊಡುವುದಿಲ್ಲ ಅಂದರೆ ಕಾರಣವನ್ನು ಬರೆದು ಕೊಡಬೇಕು ಅಂತ ನಿಯಮದಲ್ಲೇ ಇದೆ. ಇನ್ನೊಂದು, ಕಂದಾಯ ಇಲಾಖೆಯಲ್ಲಿ: ಸರ್ಟಿಫಿಕೇಟ್ ಸರಿ ಇದ್ದರೂ ಆದಾಯ ಜಾಸ್ತಿ, ದಾಖಲೆ ಹೊಂದುತ್ತಿಲ್ಲ ಅಂತ ವೇತನ ನಿಲ್ಲಿಸುವುದು. ಇದಕ್ಕೆ ಉಪವಿಭಾಗಾಧಿಕಾರಿಗಳ ಮುಂದೆ ಮೇಲ್ಮನವಿ. ಅವರ ಕಚೇರಿ ಮಂಡ್ಯದಲ್ಲಿ ಒಂದು, ಪಾಂಡವಪುರದಲ್ಲಿ ಒಂದು ಇದೆ. ‘ಸಕಾಲ’ದಲ್ಲಿ, ಅಂದರೆ ಸರ್ಕಾರಿ ಸೇವೆಯನ್ನು ಗೊತ್ತಾದ ದಿನದೊಳಗೆ ಕೊಡಬೇಕು ಅನ್ನುವ ರಾಜ್ಯದ ಕಾಯ್ದೆಯಡಿ, ಹಾಕಿದ ಅರ್ಜಿ ತಿರಸ್ಕಾರವಾದರೆ 30 ದಿನದೊಳಗೆ ಮೇಲ್ಮನವಿ ಹಾಕಬೇಕು. ಎರಡು ದಾರಿ ಬೇರೆ ಬೇರೆ. ಬೋರ್ಡಿನ ತಪ್ಪನ್ನು ತಾಲ್ಲೂಕು ಕಚೇರಿಯಲ್ಲಿ ಕೇಳುತ್ತಾ, ತಾಲ್ಲೂಕು ಕಚೇರಿಯ ತಪ್ಪನ್ನು ಆಸ್ಪತ್ರೆಯಲ್ಲಿ ಕೇಳುತ್ತಾ ವರ್ಷಗಟ್ಟಲೆ ಸುತ್ತಿದವರನ್ನು ನಾನೇ ನೋಡಿದ್ದೇನೆ.

ಫೀಸು ಎಷ್ಟು ಅಂತ ಕೇಳಿದೆ. ಇಲ್ಲ ಅಂದರು. 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯ್ದೆಯ 12ನೇ ಸೆಕ್ಷನ್ನಿನಲ್ಲಿ ಬಿಟ್ಟಿ ವಕೀಲರು ಯಾರಿಗೆ ಸಿಗುತ್ತಾರೆ ಅಂತ ಪಟ್ಟಿ ಇದೆ. ಅಂಗವಿಕಲರು ಅದರಲ್ಲಿದ್ದಾರೆ. ಹೆಂಗಸರು, ಮಕ್ಕಳು, ಪರಿಶಿಷ್ಟ ಜಾತಿ ಮತ್ತು ಪಂಗಡದವರು ಇದ್ದಾರೆ. ಇವರಿಗೆಲ್ಲ ಆದಾಯ ಎಷ್ಟಿದೆ ಅಂತ ಕೇಳುವುದೇ ಇಲ್ಲ. ನನಗೊಂದು ಅನುಮಾನ ಬಂತು. ನಲವತ್ತು ಪರ್ಸೆಂಟ್ ಇಲ್ಲ ಅಂತ ತಾನೇ ನಮ್ಮನ್ನು ಕಳಿಸಿದ್ದು, ಹಾಗಿದ್ದಮೇಲೆ ಇಲ್ಲೂ ಅಂಗವಿಕಲ ಅಂತ ಒಪ್ಪುತ್ತಾರಾ? ವಕೀಲರು ನಕ್ಕು, ಅದಕ್ಕೂ ದಾರಿ ಇದೆ ಅಂದರು. ನಮ್ಮ ರಾಜ್ಯದಲ್ಲಿ ವರ್ಷದ ಆದಾಯ 3 ಲಕ್ಷದೊಳಗೆ ಇರುವ ಯಾರಿಗೇ ಆಗಲಿ ಈ ಸೇವೆ ಸಿಗುತ್ತದೆ. ಅಂಗವಿಕಲ ವೇತನಕ್ಕೆ ಆದಾಯದ ಮಿತಿಯೇ ವರ್ಷಕ್ಕೆ 32,000. ಅಂದರೆ ವೇತನ ಕೇಳಲು ಅರ್ಹರಾದ ಪ್ರತಿಯೊಬ್ಬರಿಗೂ ವಕೀಲರು ಬಿಟ್ಟಿ. ಇದನ್ನು ದಯವಿಟ್ಟು ಇನ್ನೊಂದು ಸಲ ಓದಿ.

ಏಜೆಂಟಿನ ವಿಷಯ ಹೇಳಿದಾಗ ಮಾತ್ರ ಅವರ ಮುಖ ಗಂಭೀರವಾಯಿತು. ಅಂಗವಿಕಲರಿಗೆ ಮೀಸಲಾದ ಸವಲತ್ತನ್ನು ಮೋಸದಿಂದ ಪಡೆದರೆ ಎರಡು ವರ್ಷದವರೆಗೆ ಜೈಲು, ಒಂದು ಲಕ್ಷದವರೆಗೆ ದಂಡ, ಅಥವಾ ಎರಡೂ ಆಗಬಹುದು. ನಿಜವಾಗಿಯೂ 46 ಇದ್ದ ನಮ್ಮಪ್ಪ ಕಳ್ಳ ಸರ್ಟಿಫಿಕೇಟ್ ಇಟ್ಟುಕೊಂಡು ಜೀವನ ಪೂರ್ತಿ ಹೆದರುತ್ತಾ ಇರಬೇಕಾಗುತ್ತಿತ್ತು. ಅಮ್ಮನ ಓಲೆಯೂ ಹೋಗುತ್ತಿತ್ತು.

ಆಮೇಲೆ ಕೆಲಸ ಶುರುವಾಯಿತು. ಮೊದಲು ಒಂದೇ ಪುಟದ ಅರ್ಜಿ: ನಮ್ಮ ಅರ್ಜಿಯನ್ನು ಯಾಕೆ ತೆಗೆದುಕೊಳ್ಳಲಿಲ್ಲ, ಹಿಂಬರಹ ಕೊಡಿ. ಟಪಾಲು ವಿಭಾಗದಲ್ಲಿ ಕೊಟ್ಟು, ನಮ್ಮ ಪ್ರತಿಯ ಮೇಲೆ ತಾರೀಖಿನ ಸೀಲು ಹಾಕಿಸಿಕೊಂಡು ಬರಬೇಕು ಅಂತ ಎರಡೆರಡು ಸಲ ಹೇಳಿ ಕಳಿಸಿದರು. ಅದೇ ಕಚೇರಿ, ಅದೇ ಕೌಂಟರು. ಆದರೆ ಈ ಸಲ ಯಾರೂ “ಆಗಲ್ಲ” ಅನ್ನಲಿಲ್ಲ. ಹತ್ತು ದಿನದಲ್ಲಿ ಹಿಂಬರಹ ಬಂತು. ಆಮೇಲೆ ಎರಡೂ ಸರ್ಟಿಫಿಕೇಟ್, ಆಸ್ಪತ್ರೆಯ ಡಿಸ್ಚಾರ್ಜ್ ಕಾಗದ, ಎಕ್ಸ್‌ರೇ, ಕೈಯ ಫೋಟೋ ಎಲ್ಲಾ ಸೇರಿಸಿ ಬೋರ್ಡಿನ ತೀರ್ಮಾನದ ಮೇಲೆ ಮೇಲ್ಮನವಿ. ಬರೆದದ್ದು ಮೂರೇ ಪುಟ. ಬೈಗುಳ ಇಲ್ಲ, ಗೋಳು ಇಲ್ಲ. ಯಾವ ನಿಯಮ, ಯಾವ ಲೆಕ್ಕ, ಏನು ಬೇಕು. ನಾನಾಗಿದ್ದರೆ ಹತ್ತು ಪುಟ ಗೋಳು ಬರೆದು, ಬೇಕಾದ್ದನ್ನೇ ಬಿಡುತ್ತಿದ್ದೆ.

ಗೆಲ್ಲುತ್ತೀವಿ ಅಂತ ಅವರು ಒಂದು ಸಲವೂ ಹೇಳಲಿಲ್ಲ. ಮರುಪರೀಕ್ಷೆಯಲ್ಲಿ ಪರ್ಸೆಂಟೇಜ್ ಇಳಿಯಲೂಬಹುದು, ಯೋಚನೆ ಮಾಡಿ ಅಂದರು. ಹಾಗೆ ನೇರವಾಗಿ ಹೇಳಿದ್ದಕ್ಕೇ ಅಪ್ಪನಿಗೆ ಅವರ ಮೇಲೆ ನಂಬಿಕೆ ಬಂದದ್ದು.

ಮರುಪರೀಕ್ಷೆಯ ದಿನ ಕಣ್ಣಿನ ಡಾಕ್ಟರು, ಮೂಳೆ ಡಾಕ್ಟರು ಇಬ್ಬರೂ ಇದ್ದರು. ಒಬ್ಬರು ಅಪ್ಪನ ಕೈಗೆ ಪೆನ್ನು ಕೊಟ್ಟು ಹಿಡಿಯಿರಿ ಅಂದರು. ಜಾರಿ ಬಿತ್ತು. ನೀರಿನ ಲೋಟ ಹಿಡಿಯಿರಿ ಅಂದರು. ಅಪ್ಪ ಹೆಬ್ಬೆರಳು ಮತ್ತು ಅಂಗೈ ನಡುವೆ ಒತ್ತಿ ಹಿಡಿದರು, ಅರ್ಧ ನೀರು ಚೆಲ್ಲಿತು. ಡಾಕ್ಟರು ತಮ್ಮ ಕರ್ಚೀಫಿನಿಂದಲೇ ಮೇಜು ಒರೆಸಿ, “ಪರವಾಗಿಲ್ಲ ಬಿಡಿ” ಅಂದರು. ಕೈ ಹೋದಮೇಲೆ ಆಸ್ಪತ್ರೆಯಲ್ಲಿ ಅಪ್ಪನ ಜೊತೆ ಯಾರಾದರೂ ಅಷ್ಟು ನಿಧಾನವಾಗಿ ಮಾತಾಡಿದ್ದು ಅದೇ ಮೊದಲು.

ಸರ್ಟಿಫಿಕೇಟ್ 46 ಅಂತಲೇ ಬಂತು. ಮತ್ತೆ ಅರ್ಜಿ ಹಾಕಿದೆವು. ವೇತನ ಮಂಜೂರಾಯಿತು. 40ರಿಂದ 74 ಪರ್ಸೆಂಟ್ ಇರುವವರಿಗೆ ಕೊಡುವ 800 ರೂಪಾಯಿ. ಅದರಲ್ಲಿ ಸಂಸಾರ ನಡೆಯುವುದಿಲ್ಲ, ನಿಜ. ಆದರೆ ಮೊದಲ ಸಲ ದುಡ್ಡು ಬಂದ ದಿನ ಅಪ್ಪ ತಾವೇ ಹೋಗಿ ತಮ್ಮ ಬೀಪಿ ಮಾತ್ರೆ ತಂದುಕೊಂಡರು. ಯಾರನ್ನೂ ಕೇಳಲಿಲ್ಲ. ವಕೀಲರಿಗೆ ಕೊಡಲು ನಾಲ್ಕು ಅಚ್ಚು ಬೆಲ್ಲ ತೆಗೆದುಕೊಂಡು ಹೋಗಿದ್ದರು. ಅವರು ಒಂದನ್ನು ಇಟ್ಟುಕೊಂಡು ಮೂರನ್ನು ವಾಪಸ್ ಕೊಟ್ಟರು.

ಹೋದ ತಿಂಗಳುಗಳ ದುಡ್ಡು ಮಾತ್ರ ಹೋಯಿತು. ಕೇಳಿದ್ದಕ್ಕೆ ಮಂಜೂರಾದ ಮೇಲಿನದು ಮಾತ್ರ ಬರುತ್ತದೆ ಅಂದರು.

ಇದು ನಮ್ಮ ಮನೆಯ ಕಥೆ. ಈಗ ಅಂಗಡಿಯಲ್ಲಿ ಕಾಣುವುದನ್ನೂ ಹೇಳುತ್ತೇನೆ. ಒಬ್ಬ ತಾಯಿಯ ಬುದ್ಧಿಮಾಂದ್ಯ ಮಗನ ತಾತ್ಕಾಲಿಕ ಸರ್ಟಿಫಿಕೇಟಿನ ಅವಧಿ ಮುಗಿದು ವೇತನ ನಿಂತಿದೆ. ಯಾಕೆ ನಿಂತಿತು ಅಂತ ಆ ತಾಯಿಗೆ ಒಂದು ವರ್ಷದಿಂದ ಗೊತ್ತಿಲ್ಲ, ಬ್ಯಾಂಕಿನವರನ್ನು ಬೈಯುತ್ತಿದ್ದಾಳೆ. ಒಬ್ಬರ ಆದಾಯ ಪ್ರಮಾಣಪತ್ರದಲ್ಲಿ, ದೂರದಲ್ಲಿ ಬೇರೆ ಸಂಸಾರ ಮಾಡಿಕೊಂಡಿರುವ ಮಗನ ಸಂಬಳ ಸೇರಿಕೊಂಡಿದೆ. ಇನ್ನೊಬ್ಬರ ಆಧಾರಿನಲ್ಲಿರುವ ಹೆಸರು ಯುಡಿಐಡಿ ಅನ್ನುವ ಅಂಗವಿಕಲರ ಗುರುತಿನ ಕಾರ್ಡಿನಲ್ಲಿ ಒಂದಕ್ಷರ ಬೇರೆ. ಇವರ್ಯಾರ ಕೈಯಲ್ಲೂ ಹಿಂಬರಹ ಇಲ್ಲ. ಕೇಳಿದರೆ “ಹಂಗಂದ್ರು” ಅನ್ನುತ್ತಾರೆ. ಯಾರು ಅಂದರು, ಯಾವತ್ತು ಅಂದರು, ಯಾಕಂದರು, ಒಂದೂ ಇಲ್ಲ. 30 ದಿನ ಅನ್ನುವ ಗಡುವು ಯಾವಾಗ ಶುರುವಾಯಿತು, ಯಾವಾಗ ಮುಗಿಯಿತು ಅಂತ ಲೆಕ್ಕ ಹಾಕಲು ತಾರೀಖೇ ಇಲ್ಲ.

ಜಿಲ್ಲಾಧಿಕಾರಿಗಳೇ, ಎಲ್ಲರಿಗೂ ವೇತನ ಕೊಡಿ ಅಂತ ನಾನು ಕೇಳುತ್ತಿಲ್ಲ. ಕೆಲವು ಅರ್ಜಿಗಳಿಗೆ ಇಲ್ಲ ಅನ್ನಲೇಬೇಕಾಗುತ್ತದೆ, ಅದು ನನಗೂ ಗೊತ್ತು. ನಾನು ಕೇಳುವುದು ಇಷ್ಟು: ಇಲ್ಲ ಅನ್ನುವುದಾದರೆ ಬರೆದು ಕೊಡಿ. ಕನ್ನಡದಲ್ಲಿ, ಕಾರಣ ಸಮೇತ, ತಾರೀಖು ಸಮೇತ. ಆ ಹಿಂಬರಹದ ಕೆಳಗೇ ಮೂರು ಸಾಲು ಅಚ್ಚು ಹಾಕಿಸಿ: ಇದರ ಮೇಲೆ ಮೇಲ್ಮನವಿ ಯಾರಿಗೆ, ಎಷ್ಟು ದಿನದೊಳಗೆ, ಬಿಟ್ಟಿ ವಕೀಲರು ಬೇಕಾದರೆ ಯಾರನ್ನು ಕೇಳಬೇಕು. ಕಾನೂನು ಸೇವೆಗಳ ಸಹಾಯವಾಣಿ 15100 ಅಂತ ದಪ್ಪ ಅಕ್ಷರದಲ್ಲಿ ಇರಲಿ. ಇದಕ್ಕೆ ಹೊಸ ಯೋಜನೆ ಬೇಡ, ಬಜೆಟ್ ಬೇಡ. ನಿಮ್ಮ ಒಂದು ಸುತ್ತೋಲೆ ಸಾಕು ಅನ್ನಿಸುತ್ತದೆ ನನಗೆ. ಅರ್ಜಿಯನ್ನು ತೆಗೆದುಕೊಳ್ಳದೆ ಕೌಂಟರಿನಲ್ಲೇ ವಾಪಸ್ ಕಳಿಸುವುದನ್ನು ಮೊದಲು ನಿಲ್ಲಿಸಿ. ಅರ್ಜಿ ತೆಗೆದುಕೊಂಡರೆ ತಾನೇ ಸಕಾಲದ ನಂಬರು ಬರುವುದು, ನಂಬರು ಬಂದರೆ ತಾನೇ ಮೇಲ್ಮನವಿ?

ಇನ್ನೊಂದು ಕೇಳಿಕೆ ಆರೋಗ್ಯ ಇಲಾಖೆಯವರಿಗೆ ತಲುಪಲಿ. ಬೋರ್ಡಿಗೆ ಬಂದವರನ್ನು “ಇದು ಬಿಟ್ಟು ಬೇರೆ ತೊಂದರೆ ಏನಾದರೂ ಇದೆಯಾ?” ಅಂತ ಒಂದು ಪ್ರಶ್ನೆ ಕೇಳಿ. ಕಣ್ಣು ತೋರಿಸಲು ಬಂದವರ ಕೈಯನ್ನೂ ನೋಡಿ. ಇದ್ದರೆ ಒಂದೇ ಸರ್ಟಿಫಿಕೇಟಿಗೆ ಕಳಿಸಿ.

ಸದಸ್ಯ ಕಾರ್ಯದರ್ಶಿಗಳೇ, ನಿಮ್ಮ ವಕೀಲರು ನಮ್ಮನೆಗೆ ಮಾಡಿದ ಉಪಕಾರ ದೊಡ್ಡದು. ಆದರೆ ಅವರು ಇರುವುದು ಕೋರ್ಟಿನೊಳಗೆ. ನಮ್ಮ ಜನಕ್ಕೆ ಕೋರ್ಟಿನ ಗೇಟು ದಾಟಲು ಭಯ. ‘ಇಲ್ಲ’ ಅನ್ನುವ ಮಾತು ಎಲ್ಲಿ ಬೀಳುತ್ತದೋ ಅಲ್ಲಿಗೇ ಬನ್ನಿ. ಬೋರ್ಡ್ ನಡೆಯುವ ದಿನ ಆಸ್ಪತ್ರೆಯ ಕಾರಿಡಾರಿನಲ್ಲಿ ಒಂದು ಮೇಜು, ಎರಡು ಕುರ್ಚಿ. ಒಬ್ಬರು ಪ್ಯಾನೆಲ್ ವಕೀಲರು, ಇಲ್ಲವೇ ತರಬೇತಿ ಪಡೆದ ಅರೆಕಾನೂನು ಸ್ವಯಂಸೇವಕರು. ವಾರದಲ್ಲಿ ಒಂದು ದಿನ ನಾಡಕಚೇರಿಯಲ್ಲೂ ಹಾಗೇ. ಮಾತು ಬಾರದವರು, ಕಿವಿ ಕೇಳದವರು ಬಂದರೆ ಸನ್ನೆ ಭಾಷೆ ಗೊತ್ತಿರುವವರು ಒಬ್ಬರಿರಲಿ. ಪಂಚಾಯ್ತಿಗಳಲ್ಲಿರುವ ವಿ.ಆರ್.ಡಬ್ಲ್ಯೂಗಳನ್ನು, ತಾಲ್ಲೂಕಿನ ಎಂ.ಆರ್.ಡಬ್ಲ್ಯೂಗಳನ್ನು (ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರನ್ನು) ಒಂದು ದಿನ ಕೂರಿಸಿ ಮೇಲ್ಮನವಿ ಹೇಗೆ ಅಂತ ಕಲಿಸಿ. ಕಮ್ಮಿ ಗೌರವಧನಕ್ಕೆ ಮನೆಮನೆ ಸುತ್ತುವವರು ಅವರು. ನಮಗೆ ದಾರಿ ತೋರಿಸಿದ್ದೂ ಅವರೇ.

ಜಿಲ್ಲೆಯ ವಕೀಲರಿಗೂ ಒಂದು ಮಾತು. ಇದರಲ್ಲಿ ದುಡ್ಡಿಲ್ಲ, ಪೇಪರಿನಲ್ಲಿ ಹೆಸರೂ ಬರುವುದಿಲ್ಲ. ಆದರೆ ನೀವು ಅರ್ಧ ಗಂಟೆಯಲ್ಲಿ ನೋಡಿ ಹೇಳುವುದನ್ನು ನಾವು ಎಂಟು ತಿಂಗಳಾದರೂ ಕಂಡುಹಿಡಿಯಲಾರೆವು. ತಿಂಗಳಿಗೆ ಒಂದು ಫೈಲಾದರೂ ತೆಗೆದುಕೊಳ್ಳಿ.

ಇನ್ನು ನನ್ನಂಥವರಿಗೆ. ಕಚೇರಿಯಿಂದ ಕಾಗದ ಇಲ್ಲದೆ ಬರಬೇಡಿ. ಹಿಂಬರಹ ಕೊಡಿ ಅಂತ ಕೇಳಿ, ಕೊಡದಿದ್ದರೆ ಅದನ್ನೇ ಅರ್ಜಿ ಬರೆದು ಕೊಟ್ಟು ಸೀಲು ಹಾಕಿಸಿಕೊಳ್ಳಿ. ಮಾಹಿತಿ ಹಕ್ಕಿನಲ್ಲಿ 10 ರೂಪಾಯಿ ಕಟ್ಟಿ ನಿಮ್ಮ ಫೈಲಿನಲ್ಲಿ ಏನು ಬರೆದಿದ್ದಾರೆ ಅಂತ ಕೇಳಬಹುದು, ಬಿಪಿಎಲ್ ಆದರೆ ಆ ಹತ್ತೂ ಬೇಡ. ಹಳೇ ಆಸ್ಪತ್ರೆ ಚೀಟಿ ಒಂದನ್ನೂ ಬಿಸಾಡಬೇಡಿ. ಅಪ್ಪನ ಕಣ್ಣಿನ ಹಳೇ ಚೀಟಿಯನ್ನು ಅಮ್ಮ ಅಕ್ಕಿ ಡಬ್ಬದಡಿ ಇಟ್ಟಿದ್ದಳು, ಅದು ಮೇಲ್ಮನವಿಯಲ್ಲಿ ಕೆಲಸಕ್ಕೆ ಬಂತು. ಏಜೆಂಟಿಗೆ ದುಡ್ಡು ಕೊಡಬೇಡಿ. ಕೆಳಗೆ ಎಲ್ಲೂ ಆಗಲಿಲ್ಲ ಅಂದರೆ ಬೆಂಗಳೂರಿನಲ್ಲಿ ರಾಜ್ಯ ವಿಕಲಚೇತನರ ಆಯುಕ್ತರಿದ್ದಾರೆ. ಅಧಿಕಾರಿಗಳನ್ನು ಕರೆಸಿ ಕೇಳುವ, ದಾಖಲೆ ತರಿಸುವ ಸಿವಿಲ್ ಕೋರ್ಟಿನ ಅಧಿಕಾರ ಅವರಿಗಿದೆ. ಮತ್ತೆ, ವಕೀಲರ ಹತ್ತಿರ ಹೋದಾಗ ಎಲ್ಲವನ್ನೂ ಇದ್ದದ್ದು ಇದ್ದ ಹಾಗೇ ಹೇಳಿ. ಒಂದನ್ನೂ ಮುಚ್ಚಿಡಬೇಡಿ, ಒಂದನ್ನೂ ಜಾಸ್ತಿ ಮಾಡಬೇಡಿ.

ಸದಸ್ಯ ಕಾರ್ಯದರ್ಶಿಗಳೇ, ಆ ಮೇಜು ಹಾಕಿಸುವುದಾದರೆ ದಿನ ತಿಳಿಸಿ. ನಮ್ಮ ಓನರ್ ತಿಂಗಳಿಗೆ ಎರಡು ದಿನ ಬಿಡಲು ಒಪ್ಪಿದ್ದಾರೆ. ನನಗೆ ಅರ್ಜಿ ಬರೆಯಲು ಬರುತ್ತದೆ, ಕಾಗದ ಜೋಡಿಸಲು ಬರುತ್ತದೆ, ಆ 90ರ ಲೆಕ್ಕವೂ ಈಗ ಬಾಯಿಗೆ ಬರುತ್ತದೆ. ಅಪ್ಪನೂ ಬರುತ್ತಾರಂತೆ. ಕೋರ್ಟಿಗೆ ಹೆದರುವವರ ಪಕ್ಕ ಕೂತು ಮಾತಾಡುತ್ತೇನೆ ಅಂದಿದ್ದಾರೆ.

ಇಂತಿ ನಮಸ್ಕಾರಗಳೊಂದಿಗೆ,
ಮಂಡ್ಯ ಜಿಲ್ಲೆಯ ಆಲೆಮನೆ ಕೂಲಿಕಾರರೊಬ್ಬರ ಮಗಳು